ಇಸಳೂರಿನ ಬಸ್ಸೂ ಮಾಸ್ತರರ ಇಂಗ್ಲಿಷೂ

ಟೈಪಿಂಗ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅರ್ಜಿ ಹಿಡಿದುಕೊಂಡು ಅದೇ ಬರುತ್ತದೆ. ಶಿರಸಿಯ ನನ್ನ ಅಂಗಡಿಗೆ ಈ ಸಲ ಬಂದವರು ನಮ್ಮ ಇಸಳೂರಿನವರೇ.

೧. ಡೆಮಾನ್‌ಸ್ಟ್ರೇಟರ್

ಬೆಳಗಿನ ಬಸ್ಸು ಇಸಳೂರಿನಲ್ಲಿ ನಿಲ್ಲುವುದನ್ನು ಬಿಟ್ಟು ಹದಿನೈದು ದಿನವಾಗಿತ್ತು. ನಮ್ಮ ಪಕ್ಕದ ಮನೆಯ ಅಕ್ಕ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇನ್ನೊಂದು ದಿನ ತಡವಾದರೆ ಬರುವುದೇ ಬೇಡ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಕೇಳಿ ನನಗೂ ಮೈಯೆಲ್ಲ ಉರಿದಿತ್ತು. ಆದರೆ ಪ್ರತಿಭಟನೆಯ ಪತ್ರ ಇಂಗ್ಲಿಷಿನಲ್ಲೇ ಇರಬೇಕೆಂದು ನಮ್ಮೂರ ನಿವೃತ್ತ ಇಂಗ್ಲಿಷ್ ಮಾಸ್ತರರ ಹಟ.

"ಪ್ರೊಟೆಸ್ಟರ್ ಬೇಡ. ಅವನು ಮನೆಯಲ್ಲಿ ಕೂತೂ ವಿರೋಧಿಸಬಹುದು. ಡೆಮಾನ್‌ಸ್ಟ್ರೇಟರ್ ಅಂದ್ರೆ ಬೀದಿಗೆ ಬಂದು ತೋರಿಸುವವ" ಎಂದರು. ನಲವತ್ತು ಡೆಮಾನ್‌ಸ್ಟ್ರೇಟರುಗಳು ಬರುತ್ತೇವೆ ಎಂದು ಟೈಪ್ ಮಾಡಿಕೊಟ್ಟೆ.

ಡಿಪೋದ ಗುಮಾಸ್ತರು ಓದಿ ಕೇಳಿದರಂತೆ: "ಡೆಮೋ ಯಾವುದರದ್ದು, ಮಿಕ್ಸಿಯೋ, ಕುಕ್ಕರೋ? ಸ್ಟಾಫಿಗೆ ಏನಾದ್ರೂ ಕಡಿಮೆ ಮಾಡ್ತೀರಾ?"

೨. ಅಜಿಟೇಟರ್

ಮಾಸ್ತರು ಮುಖ ಕೆಂಪಗೆ ಮಾಡಿಕೊಂಡು ಮರಳಿ ಬಂದರು. "ಅಜಿಟೇಟರ್ ಅಂತ ಹಾಕು. ತಾನೂ ಕುದಿದು ಊರನ್ನೂ ಕುದಿಸುವವ. ನಲವತ್ತು ಅಜಿಟೇಟರ್."

ಬಿಲ್ ಪುಸ್ತಕಕ್ಕೆಂದು ಕಾಯುತ್ತಿದ್ದ ವಾಷಿಂಗ್ ಮಷಿನ್ ರಿಪೇರಿಯ ಸಾಹೇಬರು ತಲೆ ಎತ್ತಿದರು. "ಬಟ್ಟೆ ತಿರುಗಿಸೂ ಅಜಿಟೇಟರಾ? ಟಾಪ್ ಲೋಡಿಂದಾ, ಮಾಸ್ತರ್? ನಲವತ್ತು ಪೀಸ್ ಇಲ್ಲಿ ಸಿಗೂದಿಲ್ಲ. ಹುಬ್ಬಳ್ಳಿಯಿಂದ ತರಿಸ್ಬೇಕು."

೩. ಸ್ಟ್ರೈಕರ್

ಕೊನೆಗೆ ಸ್ಟ್ರೈಕರ್ ಎಂದು ತೀರ್ಮಾನವಾಯಿತು. ಹಾಗೆಂದರೆ ಕೆಲಸ ಬಿಟ್ಟು ಕೂರುವವ ಎಂದು ಮಾಸ್ತರು ವಿವರಿಸಿದರು. ಈ ಸಲ ಅವರ ಜೊತೆಗೇ ಬಂದಿದ್ದ ಅಕ್ಕ ಗಾಬರಿಯಾದಳು. "ಆನು ಹೊಂಟಿದ್ದೇ ಕೆಲ್ಸ ಉಳಿಸ್ಕಂಬಲೆ, ಮಾಸ್ತರೇ."

"ಇಂಗ್ಲಿಷಿನಲ್ಲಿ ಮಾತ್ರ ಬಿಡು" ಎಂದು ಮಾಸ್ತರು ಸಮಾಧಾನ ಹೇಳಿದರು.

ಪತ್ರದಲ್ಲಿ ಬರೆದಿದ್ದ ದಿನ ಬೆಳಿಗ್ಗೆ ನಲವತ್ತೂ ಜನ ಬ್ಯಾನರ್ ಹಿಡಿದು ರಸ್ತೆಗೆ ಅಡ್ಡ ನಿಂತೆವು. ಬಸ್ಸು ನಿಲ್ಲಲೇಬೇಕಾಯಿತು. ಹಾವೇರಿ ಕಡೆಯ ಕಂಡಕ್ಟರ್ ಬಾಗಿಲು ತೆಗೆದು ನಮ್ಮನ್ನೆಲ್ಲ ನೋಡಿದ. "ಇಷ್ಟ ಮಂದಿ ಇದ್ರ ದಿನಾ ನಿಲ್ಲಸ್ತೀವ್ರಿ. ಬರ್ರಿ, ಲಗೂ ಹತ್ರಿ."

ಮೊದಲು ಹತ್ತಿದವಳು ಅಕ್ಕ. ಅವಳ ಹಿಂದೆ ಬ್ಯಾನರ್ ಸಮೇತ ಎಲ್ಲರೂ ಹತ್ತಿದರು. ಸುಳ್ಳೇಕೆ, ನಾನೂ ಹತ್ತಿದೆ. ರಸ್ತೆಯಲ್ಲಿ ಉಳಿದದ್ದು ಮಾಸ್ತರು ಮತ್ತು ಅವರ ಬಾಡಿಗೆ ಮೈಕು.

"ಇಳೀರಿ ಎಲ್ಲ. ನೀವು ಸ್ಟ್ರೈಕರ್ಸ್" ಎಂದು ಮೈಕಿನಲ್ಲೇ ಕೂಗಿದರು.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕೈಯಲ್ಲಿ ಆಗಲೇ ಟಿಕೇಟು ಇತ್ತು.

"ಮಾಸ್ತರೇ, ಆನು ಈಗ ಪ್ಯಾಸೆಂಜರ್."