ನನ್ನ ತೂಕಕ್ಕೆ ನಾನೇ ಹಿಡಿದ ಸೂಟು

ತೂಕದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಗುಡಗೇರಿಯಲ್ಲಿ ಯಾರೂ ಇರಲಿಲ್ಲ. ಕಾಳುಕಡಿಯ ದಲಾಲಿ ಅಂಗಡಿ ನನ್ನದು. ಬಾಗಿಲಲ್ಲೇ ಕಬ್ಬಿಣದ ದೊಡ್ಡ ತೂಕದ ಕಾಟಾ. ಹುಬ್ಬಳ್ಳಿಯ ಡಾಕ್ಟರು ನನ್ನ ದೊಡ್ಡ ಕರುಳಿನಿಂದ ಕಡಲೆಕಾಳಿನಷ್ಟು ಗಂಟೊಂದನ್ನು ತೆಗೆದರು. ಅದಕ್ಕೆ ಪಾಲಿಪ್ ಎಂದು ಹೆಸರಂತೆ.

"ಈಗ ಏನೂ ಚಿಂತಿಲ್ಲ. ಆದ್ರ ಇಂಥಾವು ಬೆಳಕೋತ ಹೋದ್ರ ಕ್ಯಾನ್ಸರ್ ಆಗಬಹುದು. ಮೈಯಾಗ ಇಷ್ಟು ಬೊಜ್ಜು ಇದ್ದವರಿಗೆ ಮತ್ತ ಬರೋ ಸಂಭವ ಜಾಸ್ತಿ. ಹತ್ತು ಕಿಲೋ ಇಳಸ್ರಿ, ಮುಂದಿನ ವರ್ಷ ಬಂದು ತೋರಸ್ರಿ" ಎಂದರು.

ನಾನು ನಕ್ಕೆ. ಕ್ವಿಂಟಲ್‌ಗಟ್ಟಲೆ ಏರಿಸಿ ಇಳಿಸಿದವನಿಗೆ ಹತ್ತು ಕಿಲೋ ಯಾವ ಲೆಕ್ಕ!

ನನ್ನ ಹೆಂಡತಿ ಗಂಗವ್ವ ನಗಲಿಲ್ಲ. ಊರು ಬರುವವರೆಗೆ ರೈಲಿನ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮರುದಿನದಿಂದ ನನ್ನ ತಾಟಿನಲ್ಲಿ ರೊಟ್ಟಿ ಕಡಿಮೆಯಾದವು, ಬೆಣ್ಣೆ ಮಾಯವಾಯಿತು.

ಮುಂದಿನ ವಾರ ಕಾಟಾದ ಮೇಲೆ ನಿಂತೆ. ನಮ್ಮ ಹಮಾಲ ಮೌಲಾಸಾಬ ಮುಳ್ಳು ನೋಡಿ, "ತೊಂಬತ್ತಾರು ರೀ ಅಣ್ಣಾರ" ಎಂದ.

"ಸೂಟು ಹಿಡಿ" ಎಂದಿತು ನನ್ನ ನಾಲಿಗೆ, ತಾನಾಗಿಯೇ.

ಚೀಲದ ಭಾರ, ಮಣ್ಣು, ಹಸಿ ಎಂದು ಮಾಲಿನ ತೂಕದಲ್ಲಿ ಒಂದಿಷ್ಟು ಕಳೆಯುವುದಕ್ಕೆ ನಮ್ಮ ಪೇಟೆಯಲ್ಲಿ ಸೂಟು ಎನ್ನುತ್ತಾರೆ. ಹುಟ್ಟಾ ವ್ಯಾಪಾರಿ ನಾನು, ಸೂಟು ಹಿಡಿಯದ ತೂಕ ನನಗೆ ತೂಕವೇ ಅಲ್ಲ. ಧೋತರ, ಕೋಟು, ರುಮಾಲಿಗೆ ಚೀಲದ ಲೆಕ್ಕದಲ್ಲಿ ಕಳೆದೆವು. ಆಗಷ್ಟೇ ಸ್ನಾನ ಮಾಡಿ ಬಂದಿದ್ದೆ, ಹಸಿಗೆ ಇನ್ನಷ್ಟು ಕಳೆದೆವು.

"ಮಣ್ಣಿಗೆ ರೀ?" ಎಂದ ಮೌಲಾಸಾಬ.

"ಅದನ್ನೂ ಹಿಡಿ. ಸಂತಿಯೊಳಗ ಹಾದು ಬಂದೇನಿ."

ವರ್ಷವಿಡೀ ಹೀಗೇ ನಡೆಯಿತು. ಕಾಟಾದ ಮುಳ್ಳು ಏರಿದಾಗೆಲ್ಲ ಸೂಟೂ ಏರಿತು. ನಿವ್ವಳ ತೂಕ ಮಾತ್ರ ಬಹಳ ಶಿಸ್ತಿನಿಂದ ಇಳಿಯುತ್ತ ಹೋಯಿತು. ಆ ಸಾಧನೆಯ ಸಂತೋಷಕ್ಕೆ ಅಂಗಡಿಯ ಹಿಂದಿನ ಬಾಗಿಲಿನಿಂದ ಮಿರ್ಚಿಭಜಿ ತರಿಸಿ ತಿನ್ನತೊಡಗಿದೆ.

"ಹತ್ತು ಕಿಲೋ ಇಳದೇನಿ" ಎಂದು ಒಂದು ದಿನ ಗಂಗವ್ವನ ಮುಂದೆ ಎದೆಯುಬ್ಬಿಸಿದೆ.

"ಹಂಗಾದ್ರ ಅಂಗಿ ಗುಂಡಿ ಯಾಕ ಹತ್ತವಲ್ವು?"

"ಒಗದು ಒಗದು ಅರಬಿ ಕುಗ್ಗೇತಿ."

ವರ್ಷ ತುಂಬಿತು. ತಪಾಸಣೆಗೆಂದು ಹಿಂದಿನ ದಿನವೇ ಔಷಧ ಕುಡಿಸಿ ಹೊಟ್ಟೆಯನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಆ ಸ್ಥಿತಿಯಲ್ಲಿ ಹುಬ್ಬಳ್ಳಿಯ ದವಾಖಾನೆಯಲ್ಲಿ ನರ್ಸಮ್ಮನ ಸಣ್ಣ ಕಾಟಾದ ಮೇಲೆ ನಿಂತೆ. ನೂರಾ ಎರಡು.

ರುಮಾಲು ತೆಗೆದೆ. ಕೋಟು ತೆಗೆದೆ. ಮುಳ್ಳು ಹೆಚ್ಚೇನೂ ದಾಕ್ಷಿಣ್ಯ ತೋರಲಿಲ್ಲ. ಧೋತರದ ಗಂಟಿಗೆ ಕೈ ಹಾಕುವಷ್ಟರಲ್ಲಿ ಗಂಗವ್ವ ಕೈ ಹಿಡಿದು ಕೆಳಗಿಳಿಸಿದಳು. ಸೂಟಿನ ಸಂಗತಿಯನ್ನು ಅಲ್ಲೇ ಒಪ್ಪಿಕೊಳ್ಳಬೇಕಾಯಿತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ತುಂಬಿದ್ದವು. "ಒಳಗ ಮತ್ತ ಗಂಟು ಬೆಳದಿದ್ರ ಅದಕ್ಕೂ ಸೂಟು ಹಿಡೀತೀರೇನು?" ಎಂದಳು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ, ಹೇಳಬಾರದ ದಾರಿಯಿಂದ ಕೊಳವೆ ಇಳಿಸಿದರು. ತಿಂದ ಭಜಿಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ನಾನು ಹೋದರೆ ಗಂಗವ್ವನ ಗತಿಯೇನು ಎಂದು ಹಲ್ಲು ಕಚ್ಚಿ ಮಲಗಿದೆ.

"ಏನೂ ಇಲ್ರಿ. ಕರುಳು ಸ್ವಚ್ಛ ಐತಿ" ಎಂದರು ಡಾಕ್ಟರು ಕೊನೆಗೆ. ನಾನು ಮಲಗಿದಲ್ಲೇ ಕೈ ಮುಗಿದೆ. "ಇದು ನಿಮ್ಮ ದೈವ, ನಿಮ್ಮ ಸಾಧನಾ ಅಲ್ಲ. ಬೊಜ್ಜು ಇರೂತನಾ ಅಂಜಿಕಿ ಇದ್ದದ್ದ. ಮುಂದ ಮತ್ತ ನೋಡಬೇಕು" ಎಂದೂ ಸೇರಿಸಿದರು.

ಹೊರಗೆ ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

"ಯಮನೂರ ದರ್ಗಾಕ್ಕ ಹೋಗೂಣು. ಇವ್ರು ಪಾರಾದ್ರ ಇವ್ರ ತೂಕದಷ್ಟು ಸಕ್ಕರಿ ಓದಸ್ತೀನಂತ ಬೇಡಿಕೊಂಡೇನಿ" ಎಂದಳು.

"ಯಾವ ತೂಕ? ನಿವ್ವಳ..." ಎಂದು ಶುರು ಮಾಡಿದೆ. ಅವಳು ನನ್ನನ್ನು ನೋಡಿದಳು. ರುಮಾಲು ಸುತ್ತಿಕೊಂಡು ಅವಳ ಹಿಂದೆ ಹೊರಟೆ.

ಯಮನೂರಿನಲ್ಲಿ ತಕ್ಕಡಿಯ ಒಂದು ಪರಡಿಯಲ್ಲಿ ನಾನು ಕೂತೆ, ಇನ್ನೊಂದಕ್ಕೆ ಸಕ್ಕರೆ ಸುರಿದರು. ಸುರಿದೇ ಸುರಿದರು. ನಾನು ಅಲುಗಲಿಲ್ಲ. ಜನ ಕೂಡಿದರು.

"ಗಂಡ ಇದ್ರ ಹಿಂಗಿರಬೇಕವಾ, ಊರಿಗೆಲ್ಲಾ ಸಕ್ಕರಿ ಸಾಲತೈತಿ" ಎಂದಳು ಒಬ್ಬ ಮುದುಕಿ. ಕಡೆಗೂ ನನ್ನ ಪರಡಿ ಮೇಲೆದ್ದಾಗ ಎಲ್ಲರೂ ಹೋ ಎಂದರು.

ಮುಜಾವರರು ಸಕ್ಕರೆಯ ಮುಂದೆ ಫಾತೆಹಾ ಓದಿ ಮುಗಿಸಿದ ಮೇಲೆ ಜನ ಬೊಗಸೆಯೊಡ್ಡಿ ಸಕ್ಕರೆ ತಿಂದು ಹರಸಿದರು. ನನ್ನ ಬೊಜ್ಜಿನಿಂದ ಇನ್ನೊಬ್ಬರಿಗೆ ಉಪಕಾರವಾದದ್ದು ಅದೇ ಮೊದಲು. ನಾನೂ ಸಾಲಿನಲ್ಲಿ ನಿಂತು ಕೈಯೊಡ್ಡಿದೆ. ಗಂಗವ್ವ ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಇಟ್ಟಳು. ಸ್ವಲ್ಪ ಯೋಚಿಸಿ, ಅದರಲ್ಲಿ ಅರ್ಧ ವಾಪಸ್ ತೆಗೆದುಕೊಂಡಳು.

ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ನೆಕ್ಕಿದೆ.