ನಾದಿನಿಗಾಗಿ ಕೆಂಪು ಬಾಣ

ಉಪಕಾರ ಮಾಡಲು ಹೊರಟರೆ ನನ್ನನ್ನು ಯಾರೂ ತಡೆಯಲಾರರು. ತಡೆಯಬೇಕಿತ್ತು ಎಂದು ನನ್ನ ಹೆಂಡತಿ ನಾಗಮಣಿ ಈಗ ಹೇಳುತ್ತಾಳೆ.

ಅವಳ ತಂಗಿ ಗಿರಿಜಾಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಟಿ. ನರಸೀಪುರದ ಶಾಲೆಯೊಂದರಲ್ಲಿ ಸಂಗೀತದ ಮೇಡಂ. ಶಾಲೆಯ ವಾರ್ಷಿಕ ಸಂಚಿಕೆಗೆ ಅವಳು ಲೇಖನ ಹೇಳುವುದು, ಜೊತೆಯ ಮೇಷ್ಟ್ರು ಯಾರಾದರೂ ಬರೆದುಕೊಳ್ಳುವುದು ರೂಢಿ.

"ನಾನು ಮಳೆ ಬಂತು ಅಂದ್ರೆ ಅವ್ರು ವರುಣದೇವನ ಕೃಪೆಯಾಯಿತು ಅಂತ ಬರೀತಾರೆ ಭಾವ! ಈ ಸಲ ನನ್ ಮಾತು ನಾನೇ ಬರೀಬೇಕು. ಭಾನುವಾರ ಸಂಜೆ ಒಳಗೆ ಕಳಿಸ್ಬೇಕು. ನಿಮ್ ಕಂಪ್ಯೂಟರ್ ಕೊಡ್ತೀರಾ?" ಎಂದು ಫೋನಿನಲ್ಲಿ ಕೇಳಿದಳು.

"ಬಾಮ್ಮ ನಂಜನಗೂಡಿಗೆ! ಎಲ್ಲಾ ರೆಡಿ ಮಾಡಿಟ್ಟಿರ್ತೀನಿ" ಎಂದೆ.

ಪರದೆಯಲ್ಲಿರುವುದನ್ನು ಓದಿ ಹೇಳುವುದು, ಅಕ್ಷರ ಹಿಗ್ಗಿಸುವುದು ಮುಂತಾದ ಸೌಲಭ್ಯಗಳು ಕಂಪ್ಯೂಟರಿನಲ್ಲೇ ಇವೆ ಎಂದು ಕೇಳಿದ್ದೆ. ಆದರೆ ಎಲ್ಲಿ? ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಅದರೊಳಗಿನ ಇನ್ನೊಂದರೊಳಗೆ ಹೊಕ್ಕು, ದಾರಿ ತಪ್ಪಿ ಪ್ರಿಂಟರ್ ಹತ್ತಿರ ಎದ್ದೆ. ಕಣ್ಣು ಕಾಣದವರಿಗೆಂದು ಮಾಡಿದ್ದನ್ನು ಕಣ್ಣಿರುವವನಿಗೂ ಸಿಗದಂತೆ ಬಚ್ಚಿಟ್ಟಿದ್ದಾರಲ್ಲ ಎಂದು ಸಿಟ್ಟೇ ಬಂತು. ಕೊನೆಗೂ ಹುಡುಕಿ, ಎಲ್ಲವನ್ನೂ ಎಳೆದು ತಂದು ಡೆಸ್ಕ್‌ಟಾಪಿನ ಮೇಲೆ ಸಾಲಾಗಿ ಕೂರಿಸಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪರೀಕ್ಷಾರ್ಥವಾಗಿ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದೆ! ಪರದೆ ಕಪ್ಪಾಯಿತು. ಒಂದೇ ಒಂದು ಅಕ್ಷರ ಕುಂಬಳಕಾಯಿ ಗಾತ್ರಕ್ಕೆ ಊದಿಕೊಂಡಿತು. ಒಳಗಿನಿಂದ ಹೆಂಗಸೊಬ್ಬಳು ಉಸಿರು ಬಿಡದೆ ಮಾತನಾಡತೊಡಗಿದಳು. ನಾಗಮಣಿ ಅಡುಗೆಮನೆಯಿಂದ ಓಡಿಬಂದಳು.

"ಯಾರ್ರೀ ಅವ್ಳು?"

"ಕಂಪ್ಯೂಟರ್ ಕಣೇ."

"ಹಂಗ್ಯಾಕೆ ಬಡ್ಕೊತಾವ್ಳೆ? ಏನ್ ಮಾಡುದ್ರಿ ಅದ್ಕೆ?"

ವೈರು ಕಿತ್ತೆ. ಅವಳು ಸುಮ್ಮನಾದಳು. ಕಂಪ್ಯೂಟರಿನವಳು, ನಾಗಮಣಿಯಲ್ಲ.

ಮತ್ತೆ ಎಲ್ಲ ಸರಿಮಾಡಿ, ಓದಿ ಹೇಳುವ ಸೌಲಭ್ಯ ಸುಲಭವಾಗಿ ಸಿಗಲೆಂದು ಮಾನಿಟರಿಗೆ ಕೆಂಪು ಕಾಗದದ ಬಾಣ ಅಂಟಿಸಿದೆ. "ಗಿರಿಜಾ, ಇಲ್ಲಿ ಒತ್ತು" ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೂ ಹಾಕಿದೆ. ಕೀಬೋರ್ಡ್ ಒರೆಸಿದೆ. ಎರಡು ಗುಂಡಿಗಳ ಮೇಲೆ ಮಾತ್ರ ಏನೋ ಸಣ್ಣ ಉಬ್ಬು, ಉಗುರಿಗೂ ಬಗ್ಗಲಿಲ್ಲ. ಕಾರ್ಖಾನೆಯವರ ಬೇಜವಾಬ್ದಾರಿ! ಬಾಗಿಲು ಉಜ್ಜಲು ತಂದಿದ್ದ ಉಪ್ಪು ಕಾಗದದಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದೆ.

ಭಾನುವಾರ ಮಧ್ಯಾಹ್ನ ಗಿರಿಜಾ ಬಂದು ಕುರ್ಚಿಯಲ್ಲಿ ಕೂತಳು.

"ಹೆಂಗಿದೆ?" ಎಂದೆ.

"ಏನು ಭಾವ?"

"ಬಾಣ!"

ನಾಗಮಣಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

"ಅದು ಹಂಗೇ ಇರ್ಲಿ ಬಿಡಿ" ಎಂದು ನಗುತ್ತ ಗಿರಿಜಾ ಮೂಲೆಯ ಗುಂಡಿಗಳನ್ನು ತಡಕಿ ಮೂರನ್ನು ಒಟ್ಟಿಗೆ ಒತ್ತಿದಳು. ಕಂಪ್ಯೂಟರಿನವಳು ವಿನಯದಿಂದ ಬಾಯಿಬಿಟ್ಟಳು! ಆದರೆ ಗಿರಿಜಾ ಬರೆಯತೊಡಗಿದಾಗ "ಘಟಪಝ" ಎಂದಳು. ಅಳಿಸಿ ಮತ್ತೆ ಬರೆದರೆ "ಖಜಡ". ಸಂಜೆ ಹತ್ತಿರವಾಗುತ್ತಿತ್ತು. ಗಿರಿಜಾಳ ಮುಖ ಸಪ್ಪಗಾಯಿತು.

"ಭಾವ, ಎರಡು ಗುಂಡಿ ಮೇಲೆ ಸಣ್ಣ ಗೆರೆ ಇರ್ಬೇಕಲ್ಲ? ಅದನ್ನ ಮುಟ್ಟಿ ತಾನೇ ನಾನು ಬೆರಳು ಇಡೋದು?"

"ಆ ಕೊಳೇನಾ? ಉಪ್ಪು ಕಾಗದ ಹಾಕಿ ತೆಗೆದ್ಬಿಟ್ಟೆ ಕಣಮ್ಮ!"

ಹೆಮ್ಮೆಯಿಂದಲೇ ಹೇಳಿದೆ. ಅರ್ಥವಾದದ್ದು ಹೇಳಿದ ಮೇಲೆ. ಎಷ್ಟು ಆಸೆಯಿಂದ ಬಂದಿದ್ದಳು ಪಾಪ!

"ನೀನು ಹೇಳು, ನಾನೇ ಬರ್ಕೊಡ್ತೀನಿ" ಎಂದೆ.

"ಬ್ಯಾಡ!" ಎಂದರು ಅಕ್ಕತಂಗಿಯರು ಒಟ್ಟಿಗೆ.

ನಾಗಮಣಿ ಎದ್ದು ಹೋಗಿ, ಕನ್ನಡಿಗೆ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳಲ್ಲಿ ಕಲ್ಲಿನವು ಎರಡನ್ನು ಕಿತ್ತು ತಂದಳು.

"ಯಾವ್ಯಾವ ಗುಂಡಿ ಹೇಳೇ."

"ಎಫ್ ಒಂದು, ಜೆ ಒಂದು ಅಕ್ಕ."

ಅಂಟಿಸಿದಳು. ಗಿರಿಜಾಳ ಬೆರಳುಗಳು ಬೊಟ್ಟು ಮುಟ್ಟಿ ನೋಡಿದವು. ಆಮೇಲೆ ನಿಲ್ಲಲೇ ಇಲ್ಲ. ನಾನು ಕಾಫಿ ತಂದಿಟ್ಟರೆ ಆರಿಹೋಯಿತು.

ಕತ್ತಲಾಗುವ ಮುಂಚೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಕಳಿಸಿದ್ದಾಯ್ತು ಭಾವ. ನಿಮ್ ಬಗ್ಗೇನೂ ಬರ್ದಿದೀನಿ, ಕೇಳ್ತೀರಾ?" ಎಂದಳು.

ಸಂತೋಷದಿಂದ ಹತ್ತಿರ ಕೂತೆ. ಕಂಪ್ಯೂಟರಿನವಳು ಒಂದಿಷ್ಟೂ ಅಲಂಕಾರವಿಲ್ಲದೆ ಬೀದಿಗೆಲ್ಲ ಕೇಳುವಂತೆ ಓದಿದಳು: "ನನ್ನ ಭಾವ ಬಹಳ ಒಳ್ಳೆಯವರು. ಕಣ್ಣು ಮಾತ್ರ ಸ್ವಲ್ಪ ಸಾಲದು."

ನಾಗಮಣಿ ಇನ್ನೊಮ್ಮೆ ಹಾಕಿಸಿದಳು. ಓದುವವಳ ಬಾಯಿ ಮುಚ್ಚಿಸುವ ಗುಂಡಿಯನ್ನು ನಾನು ಪರದೆಯ ತುಂಬ ಹುಡುಕಿದೆ. ಸಿಗಲಿಲ್ಲ.