ಹೊಸ ಸೌಂಡ್ ಕಾರ್ಡೂ ಮತ್ತೋಡಿನ ಕುರಿಗಳೂ

ಯಾವ ಹೊಸ ಸಾಮಾನು ತಂದರೂ ಅದು ಮೊದಲು ನನ್ನ ಮಾನ ತೆಗೆದು, ಆಮೇಲೆ ಕೆಲಸ ಶುರು ಮಾಡುತ್ತದೆ. ಹೊಸದುರ್ಗದಲ್ಲಿ ಹೆಂಡತಿಯ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಆಟೋದಲ್ಲಿ ಕೂಗಿಸುವ ಪ್ರಚಾರಕ್ಕೆ ದನಿ ಕೊಡುವುದು ನನ್ನ ಕಸುಬು. ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರುವ ಸೌಂಡ್ ಕಾರ್ಡ್ ಎಂಬ ಡಬ್ಬಿಯನ್ನು ಈಚೆಗೆ ತಂದೆ. ಅದರ ಮೊದಲ ಗಿರಾಕಿ ಮತ್ತೋಡು ಕಡೆಯ ಒಬ್ಬ ಕುರಿ ಕಾಯುವ ಅಜ್ಜ.

"ಮಣಕಾಲು ಕೈಕೊಟ್ಟವಪ್ಪ. ಸೋಮವಾರದಿಂದ ಅಳಿಯ ಕುರಿ ಹೊಡ್ಕೊಂಡು ಹೋಗ್ತಾನೆ. ಅವ್ನು ಕರೆದ್ರೆ ಒಂದು ಮರೀನೂ ತಿರುಗಿ ನೋಡಲ್ಲ. ನನ್ನ ಕೂಗು ಅವ್ನ ಮೊಬೈಲಿಗೆ ಹಾಕ್ಕೊಡು. ಇಲ್ಲಾಂದ್ರೆ ಮಂದೆ ಮಾರೋದೇ" ಅಂದರು.

"ಐದು ನಿಮಿಷದ ಕೆಲಸ ಅಜ್ಜ, ಕುಂತ್ಕಳ್ರಿ" ಅಂದೆ. ಅಜ್ಜ ಸಂಜೆವರೆಗೂ ಕುಂತಿದ್ದರು.

೧. ಪೂಜೆಯ ಫಲ

ಡಬ್ಬಿಗೆ ಬೆಳಗ್ಗೆಯೇ ಪೂಜೆ ಮಾಡಿದ್ದೆ. ಭಕ್ತಿ ಸ್ವಲ್ಪ ಜಾಸ್ತಿಯಾಗಿ ತಿರುಗಿಸುವ ಒಂದೊಂದು ನಾಬಿಗೂ ವಿಭೂತಿ ಬಳಿದು ಕುಂಕುಮ ಇಟ್ಟಿದ್ದೆ. ಅಲ್ಲಿ ಬರೆದಿದ್ದ ಅಕ್ಷರಗಳೆಲ್ಲ ಅದರಡಿ ಮುಚ್ಚಿಹೋಗಿದ್ದವು. ಮೈಕಿನ ದನಿ ಏರಿಸುವ ಗೇನ್ ಯಾವುದು, ಹೆಡ್‌ಫೋನಿನ ಸೌಂಡ್ ಯಾವುದು, ಆ ದೇವರಿಗೇ ಗೊತ್ತು. ಯಾವುದಾದರೂ ಇರಲಿ ಅಂತ ಎರಡನ್ನೂ ಪೂರ್ತಿ ತಿರುವಿ, ಹೆಡ್‌ಫೋನ್ ಹಾಕಿಕೊಂಡು, "ಕೂಗ್ರಿ ಅಜ್ಜ" ಅಂದೆ.

ಎದುರು ಗುಡ್ಡದ ಕುರಿಗೆ ಕೇಳಿಸುವಂತೆ ಅಜ್ಜ ಕೂಗಿದರು: "ಹೋಯ್... ಟ್ರುವಾ!"

ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ನಾನು ಕಿರುಚಿದ್ದಕ್ಕೆ ಆಚೆ ಮಿಷನ್ ತುಳಿಯುತ್ತಿದ್ದ ಹೆಂಡತಿಯ ಕಾಲು ಜಾರಿ, ಯಾರದೋ ರವಿಕೆಯ ತೋಳಿನ ಬಾಯೇ ಹೊಲಿದುಹೋಯಿತು. ಅವಳು ಅದನ್ನು ತಂದು ನನ್ನ ಮುಖಕ್ಕೆ ಹಿಡಿದಳು: "ಈ ಹೊಲಿಗೆ ಬೀಳ್ಬೇಕಾಗಿದ್ದು ನಿಮ್ಮ ಬಾಯಿಗೆ!"

೨. ಕೆಂಪು ದೀಪ

ಹೋದ ಮಾನ ವಾಪಸು ತರಬೇಕಲ್ಲ, ಅಜ್ಜನನ್ನೇ ಸ್ವಲ್ಪ ಕಿಚಾಯಿಸೋಣ ಅಂತ ಹೊರಟೆ. ದನಿ ಮಿತಿಮೀರಿದರೆ ಡಬ್ಬಿಯಲ್ಲಿ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ನಾನು ಮಾತ್ರ ಗಂಭೀರವಾಗಿ, "ಇದರ ಮುಂದೆ ಸುಳ್ಳು ಹೇಳಂಗಿಲ್ಲ ಅಜ್ಜ. ಹೇಳಿದ್ರೆ ಕೆಂಪು ದೀಪ ಹತ್ತುತ್ತೆ" ಅಂದೆ.

ಅಜ್ಜ ದೂರ ನಿಂತು, ಕೈಮುಗಿದು, ಮೆಲ್ಲಗೆ "ನನ್ನ ಕುರಿ ಅರವತ್ತು" ಅಂದರು. ಹಸಿರು ದೀಪ.

"ಈಗ ನೀನು ಹೇಳಪ್ಪ. ಈ ಕೆಲಸ ನಿಂಗೆ ಬರ್ತೈತಾ?"

ಗೇನ್ ಇಳಿಸುವುದು ಮರೆತಿತ್ತು. ಮೈಕಿಗೆ ಬಾಯಿಟ್ಟು, ಪ್ರಚಾರದ ದನಿಯಲ್ಲಿ, "ಹತ್ತು ವರ್ಷದ ಅನುಭವ ಐತೆ!" ಅಂದೆ. ದೀಪ ಕೆಂಡದಂತೆ ಹೊತ್ತಿತು.

ಅಜ್ಜ ತಲೆದೂಗಿದರು. "ಡಬ್ಬಿ ಒಳ್ಳೇದೈತೆ."

೩. ಯಾರ ದನಿ?

ಕೊನೆಗೂ ಗೇನ್ ಇಳಿಸಿದೆ. ಅಜ್ಜ ನೂರು ಸಲ ಕೂಗಿದರು ಅಂತ ನಾನು ಹೇಳಿಕೊಂಡು ತಿರುಗುತ್ತೇನೆ. ಆರೇ ಸಲ ಅಂತಾಳೆ ಹೆಂಡತಿ. ಹಾಕಿ ಕೇಳಿದರೆ ಅಜ್ಜನ ಕೂಗು ಹಾಳುಬಾವಿಯೊಳಗಿಂದ ಬಂದಂತಿತ್ತು. ಅದರ ಮೇಲೆ, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ, ನನ್ನ ಹೆಂಡತಿ ಗಿರಾಕಿಯೊಬ್ಬಳಿಗೆ ಹೇಳುತ್ತಿದ್ದ ಮಾತು: "ಹೊಸ ಡಬ್ಬಿ ತಂದವ್ರೆ ಕಣಕ್ಕ. ತಲೆಬುಡ ಗೊತ್ತಿಲ್ಲ. ಪಾಪ, ಆ ಅಜ್ಜನ್ನ ಬೆಳಗ್ಗಿಂದ ಕೂಗಿಸ್ತಾ ಅವ್ರೆ."

ಲ್ಯಾಪ್‌ಟಾಪಿನ ಗುಂಯ್‌ಗುಟ್ಟುವ ಸದ್ದು ಮೈಕಿಗೆ ಬೀಳದಿರಲಿ ಅಂತ ನಡುವಿನ ಕಿಟಕಿಯಲ್ಲಿ ವೈರು ತೂರಿಸಿ, ಲ್ಯಾಪ್‌ಟಾಪನ್ನು ಆಚೆ ಅವಳ ಮೇಜಿನ ಮೇಲಿಟ್ಟಿದ್ದೆ. ಸೆಟ್ಟಿಂಗಿನಲ್ಲಿ ಸೌಂಡ್ ಕಾರ್ಡನ್ನು ಆರಿಸಿರಲೇ ಇಲ್ಲ. ಲ್ಯಾಪ್‌ಟಾಪು ತನ್ನ ಸ್ವಂತ ಮೈಕಿನಲ್ಲಿ ಅವಳನ್ನೇ ಹಿಡಿದಿತ್ತು.

ಅಜ್ಜ ಪೂರ್ತಿ ಕೇಳಿ ಅಂದರು: "ನೋಡಪ್ಪ, ಆಯಮ್ಮ ಹೇಳಿದ್ದಕ್ಕೆ ಕೆಂಪು ದೀಪ ಹತ್ತಲೇ ಇಲ್ಲ."

೪. ಮಂದೆ ತಿರುಗಿದ್ದು

ಸೆಟ್ಟಿಂಗ್ ಸರಿಮಾಡಿ, ಒಂದು ಒಳ್ಳೆಯ ಕೂಗು ಹಿಡಿದು ಅಳಿಯನ ಮೊಬೈಲಿಗೆ ಕಳಿಸಿದೆ. ಸೋಮವಾರ ಅಜ್ಜನ ಫೋನು: "ತಿರುಗಿದ್ವಪ್ಪ! ಅಷ್ಟೂ ತಿರುಗಿದ್ವು!" ಊರೆಲ್ಲ ಹೇಳಿಕೊಂಡು ಮೆರೆದೆ.

ತಿಂಗಳಾದ ಮೇಲೆ ಅವರೂರಿನ ಶಾಲೆಯಲ್ಲಿ ಒಂದು ಸಮಾರಂಭ. ಮೈಕಿನವನು ಮೈಕ್ ತಟ್ಟಿ, "ಹಲೋ... ಚೆಕ್, ಚೆಕ್" ಅಂದನಂತೆ. ಕೆರೆ ಅಂಗಳದಲ್ಲಿ ಮೇಯುತ್ತಿದ್ದ ಅರವತ್ತೂ ಕುರಿ ಶಾಮಿಯಾನದೊಳಕ್ಕೆ ನುಗ್ಗಿ, ಅತಿಥಿಗಳಿಗೆ ಇಟ್ಟಿದ್ದ ಹಾರ ತಿಂದು, ಮುಂದಿನ ಸಾಲಿನಲ್ಲಿ ನಿಂತವಂತೆ.

ಕಾರಣ ನಾನೇ. ಅಳಿಯನಿಗೆ ಕಳಿಸಿದ ಫೈಲಿನ ಶುರುವಿನಲ್ಲಿ ನಾನು "ಹಲೋ, ಚೆಕ್, ಚೆಕ್" ಅಂದಿದ್ದೆ, ಸೋಮಾರಿತನದಿಂದ ಕತ್ತರಿಸಿರಲಿಲ್ಲ. ದಿನವೂ ಅದನ್ನೇ ಕೇಳಿ ಕೇಳಿ, ಕುರಿಗಳು ಅಜ್ಜನ ಕೂಗು ಬರುವವರೆಗೆ ಕಾಯುವುದನ್ನೇ ಬಿಟ್ಟಿದ್ದವು. ಈಗ ಅಳಿಯನಿಗೆ ಮೊಬೈಲೂ ಬೇಡ. ಹೊಲದ ಬದುವಿನಲ್ಲಿ ನಿಂತು "ಹಲೋ, ಚೆಕ್" ಅಂದರೆ ಇಡೀ ಮಂದೆ ಅವನ ಹಿಂದೆ. ಮಾರುವ ಮಾತೇ ನಿಂತಿದೆ.

ಆದರೂ ತಪ್ಪಾಯ್ತು ಅಂತ ಹೇಳಲು ಅಜ್ಜನ ಹತ್ತಿರ ಹೋದೆ. ಅಜ್ಜ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನಲವತ್ತು ವರ್ಷ ಗಂಟ್ಲು ಹರ್ಕಂಡು ಕೂಗಿದೀನಲ್ಲಪ್ಪ. ಈ ಎಲ್ಡು ಮಾತು ಮದ್ಲೇ ಬಂದು ಹೇಳೋಕೆ ಏನಾಗಿತ್ತು ನಿಂಗೆ?"